ಹೊಟ್ಟಿ ರೋಗದ್ದು

ಅವನು ಸತ್ತು ಎಂಟು ದಿನವೂ ಆಗಿರಲಿಲ್ಲ. ಮಡಗಾಂವ್ ಮಾರ್ಕೆಟ್ಟಿನಲ್ಲಿ ನಾನು ಅರ್ಧ ಕಿಲೋ ಬೀನ್ಸ್ ತೂಗಿಸುತ್ತಿದ್ದೆ. ಅಂಗಡಿಯವನು ಗೋಕಾಕ ಕಡೆಯವನು, ಇಪ್ಪತ್ತು ವರ್ಷದ ಪರಿಚಯ. ಕಾಯಿ ಚೀಲಕ್ಕೆ ಹಾಕುತ್ತಾ, ಯಾರೂ ಕೇಳದಿದ್ದರೂ, "ಪಾಪ, ನಮ್ಮ ಟೆಂಪೋದವ ಹೋದ ನೋಡ್ರಿ ಅಕ್ಕಾರ. ಕುಡದು ಕುಡದು ಹೊಟ್ಟಿ ಒಡಕೊಂಡ" ಎಂದ.

ನಾನು ಚೀಲದ ಬೀನ್ಸನ್ನು ಮತ್ತೆ ಅವನ ಬುಟ್ಟಿಗೇ ಸುರಿದು ಬಂದುಬಿಟ್ಟೆ. ಮೂವತ್ತೆರಡು ವರ್ಷ ಗೋವಾದ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಹೀಗಾಗಿ ನಮ್ಮ ಕಡೆಯವರಿಗೆಲ್ಲ ಅಕ್ಕಾರ. ತಪ್ಪು ಉತ್ತರ ಕೇಳಿ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಆ ದಿನ ಮಾತ್ರ ತಿದ್ದದೆ ಬಂದೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಅತ್ತದ್ದು ಸಾಯಲಿ, ಆಡದೇ ಉಳಿದ ಮಾತು ಇನ್ನೂ ಕುತ್ತಿಗೆಯಲ್ಲಿ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಹೆಸರು ಹಾಕುವುದಿಲ್ಲ. ಅವನ ಅಕ್ಕ ಇದ್ದಾಳೆ, ಅವಳಿಗೆ ಅದು ಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಮುಸಲ್ಮಾನರ ಮನೆಯವನು. ಬೆಳಗಾವಿಯಿಂದ ಮೊಲೆಂ ಘಾಟು ಇಳಿಸಿ ಮಡಗಾಂವ್‌ಗೆ ತರಕಾರಿ ತರುವ ಟೆಂಪೋ ಅವನದು. ಕಡ್ಡಿಯಂಥ ಕೈಕಾಲು, ಅವುಗಳ ನಡುವೆ ಎಂಟು ತಿಂಗಳ ಬಸುರಿಯಂಥ ಹೊಟ್ಟೆ. ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಒಂದು ಮಡಿಚಿದ ಟಾವೆಲ್ ಇಟ್ಟುಕೊಳ್ಳುತ್ತಿದ್ದ. ಮಾತಾಡುವಾಗ ಎಡಗೈಯಿಂದ ಆ ಹೊಟ್ಟೆಯನ್ನು ಮೆಲ್ಲಗೆ ತಟ್ಟುವುದು ರೂಢಿ, ಕಲ್ಲಂಗಡಿ ಹಣ್ಣಾಗಿದೆಯೋ ಇಲ್ಲವೋ ನೋಡುವವರ ಹಾಗೆ.

ಗೋವಾದಲ್ಲಿ ಅಂಥ ಹೊಟ್ಟೆಗೆ ಒಂದೇ ಅರ್ಥ. ನಮ್ಮ ಕಡೆಯಿಂದ ದುಡಿಯಲು ಬಂದ ಗಂಡಸರಲ್ಲಿ ಎಷ್ಟೋ ಮಂದಿ ಇಲ್ಲಿಯ ಅಗ್ಗದ ದಾರೂಗೆ ಬಿದ್ದು, ಮೊದಲು ಕಣ್ಣು ಹಳದಿಯಾಗಿ, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಹೋದದ್ದನ್ನು ನಾವೆಲ್ಲ ಕಂಡವರು. ಹೀಗಾಗಿ ಅವನನ್ನು ನೋಡಿದ ಕೂಡಲೇ ಎಲ್ಲರೂ ತೀರ್ಪು ಕೊಟ್ಟು ಮುಗಿಸುತ್ತಿದ್ದರು. ಮೊಲೆಂನ ಚಾದ ಅಂಗಡಿಯಲ್ಲಿ ಬೇರೆ ಡ್ರೈವರುಗಳು, ನಮಾಜು ಹಗಲು, ಪೆಗ್ಗು ರಾತ್ರಿ ಏನಪಾ ಎಂದು ಕಾಡಿಸುತ್ತಿದ್ದರಂತೆ. ಐದು ಹೊತ್ತಿನ ನಮಾಜು ತಪ್ಪಿಸದವನಿಗೆ ಈ ಮಾತು.

ಎಲ್ಲರೂ ಅಂದೆನಲ್ಲ, ಅದರಲ್ಲಿ ನಾನೂ ಇದ್ದೆ. ನನ್ನದೇ ಮೊದಲು ಹೇಳಿಬಿಡುತ್ತೇನೆ.

ಅವನ ಮಗಳು ಆಗ ಏಳನೆಯ ಇಯತ್ತೆ, ನನ್ನ ಕ್ಲಾಸು. ತಾಯಿ ಇಲ್ಲದ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು. ಪಾಲಕರ ಸಭೆಗೆ ಅಪ್ಪ ಬಂದ. ನಾನು ಹೊಟ್ಟೆ ನೋಡಿದೆ, ತೋಳಿನ ಮೇಲಿನ ಕಂದು ಕಲೆಗಳನ್ನು ನೋಡಿದೆ, ಎಲ್ಲೆಲ್ಲೋ ಬಿದ್ದೆದ್ದು ಬರುತ್ತಾನೆ ಅಂದುಕೊಂಡೆ. ಹುಡುಗಿಯ ಎದುರಿಗೇ, ಇಷ್ಟು ಚಲೋ ಮಗಳಿದ್ದಾಳೆ, ಅವಳ ಮುಖ ನೋಡಿಯಾದರೂ ಕುಡಿಯುವುದು ಬಿಡಿ ಎಂದು ದೊಡ್ಡ ಉಪದೇಶ ಮಾಡಿದೆ. ಹುಡುಗಿ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು. ಆ ಬಗ್ಗಿದ ತಲೆಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ಮುಂಜಾನೆ ಶಾಲೆಯ ಗೇಟಿನಲ್ಲಿ ಟೆಂಪೋ ನಿಂತಿತ್ತು. ಅವನು ಇಳಿದು ಬಂದು ನೇರವಾಗಿ, "ಅಕ್ಕಾರ, ನನ್ನ ಬಾಯಿ ಮೂಸ್ರಿ" ಎಂದ. ನಾನು ಹಿಂದೆ ಸರಿದೆ. ಅವನು ಬಿಡಲಿಲ್ಲ. ಇವತ್ತಿನಿಂದ ಒಂದು ತಿಂಗಳು, ಮುಂಜಾನೆ ಒಮ್ಮೆ, ಶಾಲೆ ಬಿಡುವಾಗ ಒಮ್ಮೆ ಬರುತ್ತೇನೆ, ನಡುವೆ ನೀವು ಎಲ್ಲಿ ಬೇಕಾದರೂ ಬಂದು ಹಿಡಿಯಿರಿ ಎಂದು ಸವಾಲು ಹಾಕಿದ. ಖರೇ ಬಂದ. ಕೊತ್ತಂಬರಿ ಮತ್ತು ಡೀಸೆಲ್ ವಾಸನೆ ಬಿಟ್ಟರೆ ಅವನಲ್ಲಿ ಬೇರೇನೂ ಇರಲಿಲ್ಲ. ಎಂಟನೆಯ ದಿನ ನಾನು ಸೋತು, ಸಾಕು ಮಾರಾಯ, ತಪ್ಪಾಯಿತು ಎಂದೆ. ತಿಂಗಳೆಂದರೆ ತಿಂಗಳು ಎಂದು ಮೂವತ್ತೂ ದಿನ ಬಂದ, ಭಾನುವಾರ ನನ್ನ ಮನೆಗೇ. ಕೊನೆಯ ದಿನ ತನ್ನ ಜೇಬಿನಿಂದ ಒಂದು ಹಾಳೆ ತೆಗೆದು ಮುಂದೆ ಹಿಡಿದ.

"ಬಾಯಾಗ ಬ್ಯಾಡ್ರಿ. ಬರದ್ ಕೊಡ್ರಿ."

ಇದು ಅವನ ಪಲ್ಲವಿ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ಕನ್ನಡವನ್ನು ಬೆರಳಿಟ್ಟು ಓದುವವನು, ಆದರೆ ಯಾರೇ ಏನೇ ಮಾತು ಕೊಟ್ಟರೂ ಬರೆದು ಕೊಡಿ ಅನ್ನುತ್ತಿದ್ದ. ಗ್ಯಾರೇಜಿನವನಿಗೂ ಅದೇ, ಮನೆಮಾಲಿಕನಿಗೂ ಅದೇ. ನಾನು, ಈ ಮನುಷ್ಯ ಕುಡಿಯುವುದಿಲ್ಲ, ನಾನೇ ಪರೀಕ್ಷೆ ಮಾಡಿದ್ದೇನೆ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಕೊಟ್ಟ ಮೇಲೆ ಕೇಳಿದೆ, ಹಾಗಾದರೆ ಈ ಹೊಟ್ಟೆ ಏನು? ಅವನಿಗೂ ಗೊತ್ತಿರಲಿಲ್ಲ. ಸಣ್ಣಂದಿನಿಂದ ಇತ್ತು, ಬೆಳೆಯುತ್ತಾ ಬಂತು. ಎಲುಬುಗಳಲ್ಲಿ ಆಗಾಗ ಸುತ್ತಿಗೆಯಿಂದ ಬಡಿದಂಥ ನೋವು. ಕೈ ತುಸು ತಾಗಿದರೆ ಸಾಕು ಕಂದುಗಟ್ಟುತ್ತದೆ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮಾಡಿದ ಪಾಪ ಕಳೆಯಬೇಕಿತ್ತಲ್ಲ. ಎಳೆಯ ಡಾಕ್ಟರೊಬ್ಬ ಹೊಟ್ಟೆಯನ್ನು ದೂರದಿಂದಲೇ ನೋಡಿ ಕೇಸ್ ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಗೀಚಿದ. ಇವನು ನನ್ನ ಕಡೆ ತಿರುಗಿ, ಏನು ಬರೆದರು ಓದಿ ಎಂದ. ಮದ್ಯವ್ಯಸನಿ ಎಂದು ಬರೆದಿತ್ತು. ನಾನು ಮೆಲ್ಲಗೆ ಹೇಳಿದೆ. ಇವನು ಆ ಹಾಳೆಯ ಮೇಲೆ ಅಂಗೈ ಊರಿದ. ಆ ಶಬ್ದ ಹೊಡೆದು ಹಾಕಿದರೆ ಮಾತ್ರ ಹಾಸಿಗೆಗೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲೇ ಎಂದು ಹಿಂದಿಯಲ್ಲಿ ಹೇಳಿ ಬೆಂಚಿನ ಮೇಲೆ ಕೂತ. ಎಲ್ಲ ಕುಡುಕರೂ ಇದನ್ನೇ ಹೇಳುತ್ತಾರೆ ಎಂದು ಆ ಹುಡುಗ ನಕ್ಕ. ಮಧ್ಯಾಹ್ನವಾಯಿತು, ಇವನು ಏಳಲಿಲ್ಲ.

ಕೊನೆಗೆ ಗೋವಾದವರೇ ಆದ ಹಿರಿಯ ಡಾಕ್ಟರಮ್ಮ ಬಂದರು. ಅವರು ಮೊದಲು ಮಾಡಿದ ಕೆಲಸವೆಂದರೆ ಅವನ ಅಂಗಿ ಎತ್ತಿ ಹೊಟ್ಟೆಯ ಮೇಲೆ ಕೈ ಇಟ್ಟದ್ದು. ಅಲ್ಲಿ ಹೊಕ್ಕಳಿನ ಎಡಕ್ಕೆ ಮೂರು ಹಳೆಯ ಸುಟ್ಟ ಗೆರೆಗಳಿದ್ದವು. ಇವೇನು ಎಂದು ಕೇಳಿದರು. ನಮ್ಮ ಕಡೆ ಹೊಟ್ಟೆ ಉಬ್ಬಿದ ಕೂಸಿಗೆ ಕಬ್ಬಿಣ ಕಾಸಿ ಬರೆ ಹಾಕಿಸುತ್ತಾರೆ, ಉಬ್ಬರ ಇಳಿಯುತ್ತದೆಂದು ನಂಬಿಕೆ. ನಾನು ವಿವರಿಸಿದೆ. ಡಾಕ್ಟರಮ್ಮನ ಮುಖ ಬದಲಾಯಿತು. ತಂದೆ ತಾಯಿ ಸಂಬಂಧಿಕರೇ, ಒಡಹುಟ್ಟಿದವರು ಯಾರಾದರೂ ಸಣ್ಣವರಿದ್ದಾಗ ಸತ್ತರೇ ಎಂದು ಕೇಳಿದರು. ತಾಯಿಗೆ ತಂದೆ ಸೋದರಮಾವನ ಮಗ. ಇಬ್ಬರು ತಮ್ಮಂದಿರು ಹೊಟ್ಟೆ ಉಬ್ಬಿ ಹೋಗಿದ್ದರು, ಅವರಿಗೂ ಬರೆ ಹಾಕಿಸಿದ್ದರು. ಅಕ್ಕ ಒಬ್ಬಳು ಗಟ್ಟಿಯಾಗಿದ್ದಳು.

ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದರು, ರಕ್ತವನ್ನು ದೂರದ ಊರಿನ ಲ್ಯಾಬಿಗೆ ಕಳಿಸಿದರು. ವಾರಗಳ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಸ್ಫಿಂಗೋಲಿಪಿಡ್ ಎಂಬ ಜಾತಿಯ ಕೊಬ್ಬುಗಳಿವೆ. ನಮ್ಮ ಮೈಯ ಒಂದೊಂದು ಜೀವಕೋಶದ ಹೊದಿಕೆಯಲ್ಲೂ ಅವು ಇರಬೇಕು, ಮೆದುಳು ನರಗಳಲ್ಲಂತೂ ತುಂಬಿರಬೇಕು, ಇಲ್ಲದಿದ್ದರೆ ಮನುಷ್ಯನೇ ಇಲ್ಲ. ಮೊದಲು ಅವನ್ನು ಕಂಡ ವಿಜ್ಞಾನಿ ಅವುಗಳ ಕೆಲಸ ತಿಳಿಯದೆ, ಹಳೆಯ ಕಥೆಯೊಂದರಲ್ಲಿ ಒಗಟು ಹೇಳುವ ಪ್ರಾಣಿಯ ಹೆಸರಿಟ್ಟನಂತೆ. ಹಳೆಯದಾದ ಕೋಶಗಳ ಈ ಕೊಬ್ಬನ್ನು ಮೈ ತಾನೇ ಒಡೆದು ವಿಲೇವಾರಿ ಮಾಡುತ್ತದೆ, ಅದಕ್ಕೆ ಒಂದೊಂದು ಕಿಣ್ವವಿದೆ. ಇವನಲ್ಲಿ ಅಂಥದೊಂದು ಕಿಣ್ವ ಹುಟ್ಟಿನಿಂದಲೇ ಸರಿಯಾಗಿಲ್ಲ. ಒಡೆಯದ ಕೊಬ್ಬು ಗುಲ್ಮದಲ್ಲಿ, ಪಿತ್ತಜನಕಾಂಗದಲ್ಲಿ, ಎಲುಬಿನಲ್ಲಿ ತುಂಬಿಕೊಂಡಿದೆ. ಗುಲ್ಮ ಅಂದರೆ ಎಡಪಕ್ಕೆಯ ಕೆಳಗಿರುವ, ಅಂಗೈಯೊಳಗೆ ಹಿಡಿಯುವಷ್ಟು ಅಂಗ. ಇವನಲ್ಲಿ ಅದು ಹೊಟ್ಟೆಯ ತುಂಬ ಬೆಳೆದಿತ್ತು.

ನಾನು ಕನ್ನಡದಲ್ಲಿ ಹೇಳಲು ಒದ್ದಾಡುತ್ತಿದ್ದಾಗ ಅವನೇ ಬಿಡಿಸಿದ. "ತಿಳೀತ್ರಿ. ಮಾರ್ಕೆಟ್‌ನ್ಯಾಗ ಕಸಾ ಎತ್ತಾವ ಬರಲಿಲ್ಲ. ಕಾಯಿಪಲ್ಲೆ ಚಲೋನ ಬರಾಕತ್ತೈತಿ, ಸಿಪ್ಪಿ ಗುಂಪಿ ಬಿದ್ದೈತಿ."

ಇದಕ್ಕಿಂತ ಚಂದಾಗಿ ನಾನು ಯಾವ ವಿಜ್ಞಾನದ ಪಾಠವನ್ನೂ ಹೇಳಿಲ್ಲ. ಡಾಕ್ಟರಮ್ಮನಿಗೆ ಅದನ್ನು ಕೊಂಕಣಿಯಲ್ಲಿ ಹೇಳಿದಾಗ ಅವರು ಜೋರಾಗಿ ನಕ್ಕರು. ಆಮೇಲೆ ಹಳೆಯ ಕೇಸ್ ಪೇಪರ್ ತರಿಸಿ, ಆ ಶಬ್ದದ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ರೋಗದ ಹೆಸರು ಬರೆದು ಸಹಿ ಮಾಡಿದರು. ಅವನು ಅದರ ಪ್ರತಿಯನ್ನು ಲ್ಯಾಮಿನೇಶನ್ ಮಾಡಿಸಿ ಟೆಂಪೋದ ಗಾಜಿಗೆ ಅಂಟಿಸಿದ.

ಔಷಧ ಇತ್ತು. ಹದಿನೈದು ದಿನಕ್ಕೊಮ್ಮೆ ಆ ಕಿಣ್ವವನ್ನೇ ಡ್ರಿಪ್ಪಿನಲ್ಲಿ ಕೊಡುವುದು, ಸಾಯುವ ತನಕ. ಅದರ ಬೆಲೆ ಕೇಳಿ ಇಬ್ಬರೂ ಮತ್ತೊಮ್ಮೆ ಕೇಳುವ ಧೈರ್ಯ ಮಾಡಲಿಲ್ಲ. ಡಾಕ್ಟರಮ್ಮ ದಾರಿ ತೋರಿಸಿದರು, ನಾನು ಅರ್ಜಿಗಳನ್ನು ಬರೆದೆ, ಅವನು ಅವುಗಳ ಹಿಂದೆ ಬಿದ್ದ. ಔಷಧ ಬಂತು, ಸುಮಾರು ಒಂದು ವರ್ಷ ಬಂತು. ಹೊಟ್ಟೆ ಇಳಿಯಿತು. ಮಂದಿ ಏನಂದರು ಗೊತ್ತೇ? ಚಲೋ ಆತು, ಅಂತೂ ಕುಡಿಯುವುದು ಬಿಟ್ಟ ಅಂದರು. ಆಮೇಲೆ ಮಂಜೂರಾತಿ ಎಲ್ಲಿಯೋ ಸಿಕ್ಕಿಹಾಕಿಕೊಂಡು ಔಷಧ ನಿಂತಿತು, ಹೊಟ್ಟೆ ಮತ್ತೆ ಬಂತು. ಮತ್ತೆ ಹಚ್ಚಿದ ನೋಡು ಅಂದರು. ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಅವನು ಮಾತ್ರ ಉರಿಯಲಿಲ್ಲ, ಒಂದು ಭಾನುವಾರ ಕೆಂಪು ಪೇಂಟಿನ ಡಬ್ಬಿ ಹಿಡಿದು ಮನೆಗೆ ಬಂದ.

ಗಾಜಿಗೆ ಅಂಟಿಸಿದ ಕಾಗದ ಇಂಗ್ಲಿಷಿನದು, ಯಾರೂ ಓದುವುದಿಲ್ಲ ಎಂದು ಅವನ ತಕರಾರು. ನಮ್ಮ ಕಡೆಯ ಟೆಂಪೋ ಲಾರಿಗಳ ಹಿಂದೆ ತಾಯಿಯ ಆಶೀರ್ವಾದ, ಮಕ್ಕಳ ಹೆಸರು, ನೋಡಿ ಉರಿಯಬೇಡಿ ಅಂಥವೆಲ್ಲ ಇರುತ್ತವಲ್ಲ, ಅವನ ಟೆಂಪೋದ ಹಿಂದೆ ಖಾಲಿ ಇತ್ತು. ಅಲ್ಲಿ ಬರೆಯಿರಿ ಅಂದ. ಪೇಂಟರನ ಹತ್ತಿರ ಹೋಗದೆ ನನ್ನ ಹತ್ತಿರ ಯಾಕೆ ಬಂದೆ ಎಂದರೆ, ಉಪದೇಶ ಮಾಡಿದವರು ನೀವು ತಾನೆ ಎಂದು ನಕ್ಕ. ನಾನು ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿ, ಕರಿಹಲಗೆಯ ಮೇಲೆ ಬರೆದಂತೆ ದುಂಡಗೆ ಬರೆದೆ.

ಕುಡಿದಿಲ್ಲ. ಕುಡಿಯೂದಿಲ್ಲ. ಹೊಟ್ಟಿ ರೋಗದ್ದು.

ಗ್ರಂಥದ ಕನ್ನಡದಲ್ಲಿ ಬರೆಯಲೇ ಎಂದು ಕೇಳಿದ್ದೆ. ಹೊಟ್ಟೆ ತನ್ನದು, ತನ್ನ ಮಾತಿನಲ್ಲೇ ಇರಲಿ ಎಂದ. ಪ್ರತಿ ಮಳೆಗಾಲ ಮುಗಿದ ಮೇಲೆ ಅಕ್ಷರ ಮಾಸುತ್ತಿದ್ದವು. ಅವನು ಡಬ್ಬಿ ತರುತ್ತಿದ್ದ, ನಾನು ತಿದ್ದುತ್ತಿದ್ದೆ. ಮೊಲೆಂನ ಚಾದ ಅಂಗಡಿಯಲ್ಲಿ ಬೇಕಂತಲೇ ಟೆಂಪೋ ತಿರುಗಿಸಿ, ಹಿಂದಿನ ಭಾಗ ಬೆಂಚಿನ ಕಡೆ ಮಾಡಿ ನಿಲ್ಲಿಸುತ್ತಿದ್ದನಂತೆ. ನಗುವವರು ನಕ್ಕರು. ಒಂದಿಬ್ಬರು ಮಾತ್ರ ಹತ್ತಿರ ಬಂದು, ನಮ್ಮ ಕೂಸಿಗೂ ಹೊಟ್ಟೆ ಹೀಗೇ ಐತಿ ಎಂದು ಕೇಳಿದರು. ಅವರನ್ನು ಅವನೇ ಡಾಕ್ಟರಮ್ಮನ ಹತ್ತಿರ ಕರೆತಂದ. ಅವರಿಗೆ ಈ ರೋಗವೇ ಇತ್ತು ಎಂದೇನಲ್ಲ, ಆದರೆ ಆ ಕೂಸುಗಳಿಗೆ ಬರೆ ತಪ್ಪಿತು.

ಇನ್ನು ಮಗಳ ಲಗ್ನದ ಸಂಗತಿ.

ಮಗಳನ್ನು ಅಕ್ಕನ ಮಗನಿಗೆ ಕೊಡುವುದು ಅವಳು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ತಾಯಿ ಸತ್ತ ಮೇಲೆ ಎರಡು ವರ್ಷ ಆ ಹುಡುಗಿಯನ್ನು ಎತ್ತಿ ಆಡಿಸಿದವಳೂ ಅಕ್ಕನೇ. ಅಕ್ಕನ ಮನೆ ಕಲಂಗುಟ್‌ನಲ್ಲಿ, ಮಗ ಅಲ್ಲಿ ಪ್ರವಾಸಿಗರ ಟ್ಯಾಕ್ಸಿ ಓಡಿಸುತ್ತಿದ್ದ. ಒಳ್ಳೆಯ ಹುಡುಗ. ಇವಳು ಡಿಗ್ರಿ ಮುಗಿಸಿ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಬ್ಬರನ್ನೊಬ್ಬರು ಮೆಚ್ಚಿದ್ದರು ಎಂಬುದನ್ನು ಹೇಳಲು ಯಾವ ಸಾಕ್ಷಿಯೂ ಬೇಕಿರಲಿಲ್ಲ, ಅವನ ಫೋನು ಬಂದಾಗ ಇವಳ ಮುಖ ನೋಡಿದರೆ ಸಾಕಿತ್ತು.

ಮಾತು ಗಟ್ಟಿ ಮಾಡಲು ಅಕ್ಕ ಮಿಠಾಯಿ ಹಿಡಿದು ಬಂದ ದಿನ ನನ್ನನ್ನೂ ಕರೆದಿದ್ದರು. ಅಕ್ಕ ಒಂದೇ ಒಂದು ಮಾತು ಕೇಳಿದಳು. ನಿಖಾಕ್ಕೆ ನೂರು ಮಂದಿ ಬರುತ್ತಾರೆ, ಅಷ್ಟರೊಳಗೆ ಟೆಂಪೋದ ಹಿಂದಿನ ಅಕ್ಷರ ಅಳಿಸು. ಮನೆತನದ ರೋಗವನ್ನು ರಸ್ತೆಗೆ ಹಾಕಿ ಮೆರೆಸುವುದು ಯಾವ ಮರ್ಯಾದೆ? ಅದು ಅಂಥ ದೊಡ್ಡ ಬೇಡಿಕೆ ಅಲ್ಲ ಎಂದು ನನಗೂ ಅನ್ನಿಸಿತು. ಒಂದು ಡಬ್ಬಿ ಬಿಳಿ ಪೇಂಟಿನ ಕೆಲಸ, ಮಗಳ ಬಾಳು ನೆಟ್ಟಗಾಗುತ್ತದೆ. ನಾನು ಕಣ್ಣಲ್ಲೇ ಹೂಂ ಅನ್ನು ಎಂದು ಸನ್ನೆ ಮಾಡಿದೆ.

ಅವನು ಅಳಿಸುವುದಿಲ್ಲ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಗಳ ರಕ್ತದಲ್ಲಿ ಈ ದೋಷದ ಅರ್ಧ ಪಾಲು ಇರುವುದು ಖಂಡಿತ, ಅದರಿಂದ ಅವಳಿಗೇನೂ ತೊಂದರೆಯಿಲ್ಲ, ಆದರೆ ಗಂಡನಲ್ಲೂ ಅರ್ಧ ಇದ್ದರೆ ಹುಟ್ಟುವ ಒಂದೊಂದು ಕೂಸಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ. ನಿನ್ನ ಮಗನ ರಕ್ತ ಪರೀಕ್ಷೆ ಆಗಲಿ, ಆಮೇಲೆ ಮಿಠಾಯಿ ತಿನ್ನೋಣ ಎಂದ. ಅಕ್ಕನ ಮುಖ ಕಪ್ಪಿಟ್ಟಿತು. ಗಟ್ಟಿಮುಟ್ಟಾದ ತನ್ನ ಮಗನಿಗೆ ಪರೀಕ್ಷೆಯೇ, ತಾನು ಎತ್ತಿ ಆಡಿಸಿದ್ದಕ್ಕೆ ಇದು ಬಹುಮಾನವೇ ಎಂದು ಕೇಳಿ, ಮಿಠಾಯಿ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಮಗಳು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಳು.

ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಮಗಳ ಬಾಳಿಗಿಂತ ನಿನ್ನ ಹಟ ದೊಡ್ಡದೇ, ನೀನೊಬ್ಬ ಅಪ್ಪನೇ ಎಂದೆ. ಅವನು ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಎಲ್ಲ ಕೇಳಿದ. ತಟ್ಟಲಿಲ್ಲ, ಸುಮ್ಮನೆ ಇಟ್ಟುಕೊಂಡ, ಆ ಮೂರು ಗೆರೆಗಳ ಮೇಲೆ.

"ನಮ್ಮವ್ವ ಎರಡ ಕೂಸು ಮಣ್ಣಿಗಿ ಕೊಟ್ಟಾಳ್ರಿ ಅಕ್ಕಾರ. ಯಾಕಂತ ಗೊತ್ತಿಲ್ಲದ ಕೊಟ್ಟಾಳ. ಕಬ್ಬಿಣಾ ಕಾಸೂಮುಂದ ಅಕೀನ ನನ್ನ ಕೈ ಹಿಡಕೊಂಡಿದ್ಲು. ನನಗ ಗೊತ್ತೈತಿ. ಗೊತ್ತಿದ್ದು ಹೆಂಗ ಸುಮ್ನಿರಲಿ?"



ಮೂರು ತಿಂಗಳು ಕಳೆಯಿತು. ಒಂದು ಮುಂಜಾನೆ ಅಕ್ಕನ ಮಗ ಒಬ್ಬನೇ ನನ್ನ ಮನೆಗೆ ಬಂದ. ಮಾವ ಹೇಳಿದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಅವ್ವನಿಗೆ ಹೇಳಬೇಡಿ ಎಂದ. ರಕ್ತ ಕೊಟ್ಟ. ಫಲಿತಾಂಶ ಬರುವ ತನಕ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನಮ್ಮ ಕಡೆಯ ದೇವರೂ ಬಿಡಲಿಲ್ಲ, ಇಲ್ಲಿಯ ಕ್ರಿಸ್ತರ ಇಗರ್ಜಿಯೂ ಬಿಡಲಿಲ್ಲ. ಯಾವುದೂ ನಡೆಯಲಿಲ್ಲ. ಅವನಲ್ಲೂ ಅರ್ಧ ಪಾಲು ಇತ್ತು.

ಗರ್ಭದಲ್ಲೇ ಕೂಸನ್ನು ಪರೀಕ್ಷಿಸುವ ದಾರಿಯೂ ಇದೆ, ಲಗ್ನವಾಗಲೇಬಾರದು ಎಂದೇನಿಲ್ಲ ಎಂದು ಡಾಕ್ಟರಮ್ಮ ಇಬ್ಬರಿಗೂ ತಿಳಿಸಿ ಹೇಳಿದರು. ಹುಡುಗ ಹುಡುಗಿ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ಮಾತಾಡಿದರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಲಗ್ನ ಬೇಡ ಎಂದು ಇಬ್ಬರೂ ಒಟ್ಟಿಗೆ ಬಂದು ಹೇಳಿದರು. ಹುಡುಗಿಯ ಅಪ್ಪ ಅಕ್ಕನ ಮಗನ ತಲೆಯ ಮೇಲೆ ಕೈ ಇಟ್ಟು, ಒಂದು ಕೂಸಿಗೆ ಬರೆ ತಪ್ಪಿಸಿದೆ ಮಗನೇ ಎಂದ. ಆಮೇಲೆ ಟೆಂಪೋ ಹತ್ತಿರ ಹೋಗಿ, ಆ ಕಡೆ ಮುಖ ಮಾಡಿ ನಿಂತು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗುಲ್ಮಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು, ಚೀಲ ಎತ್ತಬಾರದು ಎಂದು ಡಾಕ್ಟರಮ್ಮ ನೂರು ಸಲ ಹೇಳಿದ್ದರು. ಮೈಗಳ್ಳ ಅನ್ನಿಸಿಕೊಳ್ಳಲು ಅವನು ತಯಾರಿರಲಿಲ್ಲ. ಹೋದ ಮಳೆಗಾಲದಲ್ಲಿ ಚೀಲ ಹೊತ್ತು ಟೆಂಪೋದಿಂದ ಇಳಿಯುವಾಗ ಕಾಲು ಜಾರಿ, ಎಡಪಕ್ಕೆ ಹಿಂಬಾಗಿಲಿನ ಕಬ್ಬಿಣಕ್ಕೆ ಬಡಿಯಿತು. ಒಳಗೆ ರಕ್ತ ಸೋರಿ ಎರಡನೆಯ ದಿನ ಹೋದ. ಅಕ್ಕ ಬಂದಳು, ಅತ್ತಳು, ಯಾರೊಂದಿಗೂ ಮಾತಾಡದೆ ವಾಪಸ್ಸಾದಳು. ಅವಳ ಮಗ ಮಾತ್ರ ವಾಪಸ್ಸಾಗಲಿಲ್ಲ. ಟ್ಯಾಕ್ಸಿ ಬಿಟ್ಟು ಮಾವನ ಟೆಂಪೋ ತಾನು ಓಡಿಸುತ್ತೇನೆಂದು ನಿಂತ.

ಬೀನ್ಸ್ ಸುರಿದು ಬಂದ ದಿನದ ಮಾತನ್ನು ನಾನು ಮಗಳಿಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳ ಕಿವಿಗೂ ಅಂಥವು ಬೀಳುತ್ತಲೇ ಇದ್ದವು. ಮಳೆ ನಿಂತ ಮೇಲೆ ಒಂದು ಭಾನುವಾರ ಮುಂಜಾನೆ ಗೇಟಿನ ಹತ್ತಿರ ಟೆಂಪೋ ಸದ್ದಾಯಿತು. ಅದೇ ಸದ್ದು ಕೇಳಿ ಹೊರಗೆ ಓಡಿಬಂದೆ. ಅಕ್ಕನ ಮಗ ಸ್ಟೇರಿಂಗ್ ಮುಂದೆ ಕೂತಿದ್ದ. ಮಗಳು ಕೆಂಪು ಪೇಂಟಿನ ಡಬ್ಬಿ ಹಿಡಿದು ಇಳಿದಳು. ಅಕ್ಷರ ಮಾಸಿವೆ, ತಿದ್ದಿ ಕೊಡಿ ಎಂದಳು.

ಅಪ್ಪನೇ ಹೋದ ಮೇಲೆ ಇನ್ನು ಯಾರಿಗೆ ಇದು ಎಂದು ನಾನು ಕೇಳಿದೆ. ಟೆಂಪೋ ಓಡಿಸುವವನ ಹೊಟ್ಟೆ ನೆಟ್ಟಗಿದೆ, ಓದಿದವರು ನಗುತ್ತಾರೆ ಎಂದೂ ಹೇಳಿದೆ. ಏಳನೆಯ ಇಯತ್ತೆಯಲ್ಲಿ ನನ್ನೆದುರು ತಲೆ ಬಗ್ಗಿಸಿದ್ದ ಹುಡುಗಿ ಈ ಸಲ ತಲೆ ಬಗ್ಗಿಸಲಿಲ್ಲ.

"ಅಬ್ಬಾನ ಹೊಟ್ಟಿ ಮಣ್ಣಾಗೈತ್ರಿ. ಮಂದಿ ಬಾಯಿ ಇನ್ನೂ ಐತಿ. ಬರೀರಿ."

ಬರೆದೆ. ಮೊಣಕಾಲು ಮೊದಲಿನ ಹಾಗಿಲ್ಲ, ಸ್ಟೂಲನ್ನು ಅಕ್ಕನ ಮಗ ಹಿಡಿದುಕೊಂಡ. ಹಳೆಯ ಮೂರು ಮಾತನ್ನೂ ತಿದ್ದಿದೆ. ಅವುಗಳ ಕೆಳಗೆ ಇನ್ನೊಂದು ಸಾಲು ಬೇಕು ಎಂದವನು ಆ ಹುಡುಗನೇ. ನಿನ್ನ ಅವ್ವ ಬೈದಾಳು ಎಂದೆ. ಬೈಯಲಿ, ಆಮೇಲಾದರೂ ಓದುತ್ತಾಳೆ ಎಂದ. ಲಗ್ನಕ್ಕ ಮೊದಲ ರಕ್ತಾ ತೋರಸ್ರಿ ಎಂದು ಅದನ್ನೂ ಬರೆದೆ, ಮೇಲಿನ ಅಕ್ಷರಗಳಿಗಿಂತ ತುಸು ದೊಡ್ಡದಾಗಿಯೇ.

ಪೇಂಟು ಒಣಗುವ ತನಕ ಚಾ ಕುಡಿದೆವು. ಆಮೇಲೆ ನಾನು ಕೈಚೀಲ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಅವರಿಬ್ಬರ ಪಕ್ಕ ಹತ್ತಿ ಕೂತೆ. ಮಡಗಾಂವ್ ಮಾರ್ಕೆಟ್ಟಿಗೆ ನಡೆ ಎಂದೆ. ಗೋಕಾಕದವನ ಅಂಗಡಿ ಬಂದ ಕೂಡಲೇ ಟೆಂಪೋ ತಿರುಗಿಸು, ಹಿಂದಿನ ಭಾಗ ಅವನ ಕಡೆ ಮಾಡಿ ನಿಲ್ಲಿಸು ಎಂದೆ. ಅಂಗಡಿಯವನು ತಕ್ಕಡಿ ಬಿಟ್ಟು, ಕತ್ತು ಮುಂದೆ ಚಾಚಿ, ಇಷ್ಟು ವರ್ಷ ನೋಡಿಯೂ ಓದದಿದ್ದುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಪೂರ್ತಿ ಓದುವ ತನಕ ನಾನು ಕಾದೆ.

ಆಮೇಲೆ ಚೀಲ ಮುಂದೆ ಹಿಡಿದು, ಅರ್ಧ ಕಿಲೋ ಬೀನ್ಸ್ ತೂಗು ಎಂದೆ.